ಕಾಜಮ್ಮನ ಬೆರಳಿಗೆ ಬಂದ ಜೀವ

ಗುಂಡಿ ತೂರಿಸುವ ಕಾಜಾವನ್ನು ಕೈಯಲ್ಲೇ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಹಾಗಾಗಿ ಬೀದಿಯವರಿಗೆಲ್ಲ ಅವಳು ಕಾಜಮ್ಮ. ಅವಳೂ ನಾದಿನಿಯೂ ಸೇರಿ ನಡೆಸುವ ಹೊಲಿಗೆ ಅಂಗಡಿಯಲ್ಲಿ ಎರಡು ಮಿಷನ್ನು, ಬಟ್ಟೆ ಕತ್ತರಿಸುವ ಒಂದು ಮೇಜು, ದಿನವಿಡೀ ಮುಗಿಯದ ಮಾತು.

ಐವತ್ತೆಂಟು ತುಂಬಿದ ವರ್ಷ ಬೆರಳ ತುದಿಗಳು ಜೋಮು ಹಿಡಿಯತೊಡಗಿದವು. ಸೂಜಿ ಚುಚ್ಚಿದ್ದು ಬೆರಳಿಗೆ ತಿಳಿಯುತ್ತಿರಲಿಲ್ಲ. ಬಿಳಿ ಅಂಗಿಯ ಮೇಲೆ ರಕ್ತದ ಚುಕ್ಕೆ ಕಂಡಾಗಲೇ ಗೊತ್ತಾಗುತ್ತಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ತಲೆಗೆ ಮಂಕು ಕವಿದು, ಅಂಗಿಯೊಂದರ ಎಡತೋಳನ್ನು ಬಲಕ್ಕೆ ಹಚ್ಚಿದ್ದೂ ಆಯಿತು. ವಯಸ್ಸಾಯಿತು ಎಂದುಕೊಂಡು ಎಲ್ಲವನ್ನೂ ನುಂಗಿಕೊಂಡಳು.

ಕೊನೆಗೆ ನಾಲಿಗೆ ಉರಿಯತೊಡಗಿದಾಗ, ಹಲ್ಲು ತಾಗುತ್ತಿರಬೇಕೆಂದು ಹಲ್ಲಿನ ಡಾಕ್ಟರ ಬಳಿ ಹೋದಳು. ಇನ್ನೂ ಎಳೆ ಪ್ರಾಯದ ಆ ಡಾಕ್ಟರು ಹಲ್ಲನ್ನು ಬಿಟ್ಟು ಕೆಂಪಗೆ, ನುಣ್ಣಗೆ ಆಗಿದ್ದ ನಾಲಿಗೆಯನ್ನೇ ನೋಡಿದರು.

"ಅಮ್ಮಾ, ಕೈಕಾಲು ಜೋಮು ಹಿಡಿಯುತ್ತಾ?"

ಅದುವರೆಗೆ ಯಾರೂ ಕೇಳಿರಲಿಲ್ಲ. ಕಾಜಮ್ಮನ ಕಣ್ಣು ತುಂಬಿಬಂತು.

ಆ ಡಾಕ್ಟರು ಬರೆದುಕೊಟ್ಟ ರಕ್ತಪರೀಕ್ಷೆಯಲ್ಲಿ ಬಿ ಹನ್ನೆರಡು ವಿಟಮಿನ್ ತಳ ಕಂಡಿತ್ತು. ರಕ್ತ ಹುಟ್ಟಲು, ನರಗಳು ಗಟ್ಟಿಯಾಗಿರಲು ಅದು ಬೇಕೇ ಬೇಕು. ಹಾಲು, ಮೊಟ್ಟೆ ತಿಂದರೂ ಅವಳ ಹೊಟ್ಟೆ ಅದನ್ನು ಹೀರಿಕೊಳ್ಳುತ್ತಿಲ್ಲ, ಇಂಜೆಕ್ಷನ್ನೇ ದಾರಿ ಎಂದು ಆಸ್ಪತ್ರೆಯ ಹಿರಿಯ ಡಾಕ್ಟರು ಬಿಡಿಸಿ ಹೇಳಿದರು. ಇಷ್ಟು ವರ್ಷ ಚುಚ್ಚಿಸಿಕೊಂಡ ಬಟ್ಟೆ ಈಗ ಸೂಜಿಯ ಕೈಲೇ ಸೇಡು ತೀರಿಸಿಕೊಳ್ಳುತ್ತಿದೆ ಎಂದು ನಾದಿನಿ ನಗಿಸಿದಳು.

ಮೊದಲು ಏದುಸಿರು ಹೋಯಿತು, ಆಮೇಲೆ ಮಂಕು. ಮೂರನೇ ತಿಂಗಳಲ್ಲಿ ಒಂದು ಬೆಳಗ್ಗೆ ಸೂಜಿ ತಾಗಿ ಬೆರಳು ಚುರ್ ಎಂದಿತು. ನೋವಾದದ್ದಕ್ಕೆ ಅವಳು ಹಿಗ್ಗಿದ್ದು ಅದೇ ಮೊದಲು.

ಆ ವಾರವೇ, ಕಾಯಿಲೆಯ ದಿನಗಳಲ್ಲಿ ಕಾಜಮ್ಮ ಹೊಲಿದಿದ್ದ ಅಂಗಿಯೊಂದು ಸರಿಮಾಡಲು ಬಂತು. ಕಾಲರನ್ನು ತಿರುಗಿಸಿ ನೋಡಿದರೆ ಹೊಲಿಗೆ ತನ್ನದಲ್ಲ, ನಾದಿನಿಯದು. ವಿಚಾರಿಸಿದಾಗ ತಿಳಿಯಿತು: ಅತ್ತಿಗೆ ಕೆಡಿಸಿದ್ದನ್ನೆಲ್ಲ ಅವಳು ಬೆಳಗ್ಗೆ ಬೇಗ ಬಂದು ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು.

"ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಕೆಲಸಾನೇ ಬಿಟ್ಟುಬಿಡ್ತಿದ್ರಿ, ಅತ್ತಿಗೆ."

ಕಾಜಮ್ಮ ಎದ್ದು ಬಟ್ಟೆ ಕತ್ತರಿಸುವ ಮೇಜಿನ ಬಳಿ ಹೋದಳು. ಹಲ್ಲಿನ ಡಾಕ್ಟರಿಗೊಂದು ಬಿಳಿ ಕೋಟು ಹೊಲಿದುಕೊಡಬೇಕೆಂದು ಬಟ್ಟೆ ತಂದಿಟ್ಟಿದ್ದಳು. ಅದನ್ನು ಪಕ್ಕಕ್ಕೆ ಸರಿಸಿ ಟೇಪು ತೆಗೆದುಕೊಂಡಳು. ಊರಿಗೆಲ್ಲ ಹೊಲಿದು ಬರೀ ಹಳೆಯದನ್ನೇ ಉಟ್ಟು ತೊಟ್ಟ ನಾದಿನಿಯನ್ನು ಎದುರಿಗೆ ನಿಲ್ಲಿಸಿ, ಭುಜದ ಅಳತೆ ಹಿಡಿದಳು.

"ಅಲ್ಲಾಡಬೇಡ," ಎಂದಳು. "ನಿನಗೇ ಮೊದಲು."