ಕೋಪನ್‌ಹೇಗನ್ನಿಗೆ ಹತ್ತೊಂಬತ್ತು ಅರ್ಜಿ

ನಾನು ಯೋಖೆನ್. ಬ್ಯಾರನ್ ಲೆವಿನ್ ಫಾನ್ ಬ್ರೇಡೆನ್‌ಹಾಗೆನ್ ಅವರ ಊಳಿಗದಲ್ಲಿ ಮೂವತ್ತು ವರ್ಷ ಕಳೆದವನು. ಪ್ರಷ್ಯದ ರಾಜ ಕಳಿಸಿದ ಕಡೆಗೆಲ್ಲ ಅವರು ಹೋದರು, ಅವರ ಪೆಟ್ಟಿಗೆಗಳ ಜೊತೆ ನಾನೂ ಹೋದೆ.

೧೮೬೩ರಲ್ಲಿ ಅವರು ಕೋಪನ್‌ಹೇಗನ್ನಿನ ನಮ್ಮ ರಾಯಭಾರ ಕಚೇರಿಯಲ್ಲಿ ಕಾರ್ಯದರ್ಶಿ. ಡೇನಿಶ್ ನೌಕಾಪಡೆಯ ಕಪ್ತಾನರ ಮಗಳು ಸಿಗ್ನೆಯೊಂದಿಗೆ ಮದುವೆ ಮಾತಾಗಿತ್ತು. ಮರುವರ್ಷ ಚಳಿ ಬಿಡುವ ಮೊದಲೇ ಪ್ರಷ್ಯಕ್ಕೂ ಡೆನ್ಮಾರ್ಕಿಗೂ ಯುದ್ಧ ಹತ್ತಿತು. ನಾವು ಹೊರಡುವ ದಿನ ಸಿಗ್ನೆ ಬಂದರಿಗೆ ಬಂದರು.

“ಕೆಲಸ ಬಿಟ್ಬಿಡು ಲೆವಿನ್. ಇಲ್ಲೇ ಇರು.”

“ನಮ್ಮಪ್ಪ, ನಮ್ಮಜ್ಜ ಎಲ್ಲ ರಾಜನ ಕೆಲಸದಲ್ಲೇ ಇದ್ದೋರು. ಯುದ್ಧದ ಹೊತ್ತಲ್ಲಿ ಹೇಗೆ ಬಿಡ್ಲಿ?”

ಆ ವಸಂತದಲ್ಲಿ ಆಕೆಯ ಅಣ್ಣ ನಮ್ಮವರ ಗುಂಡಿಗೆ ಸತ್ತ. ಬ್ಯಾರನ್ನರು ಆಕೆಗೆ ಬರೆದ ಕಾಗದಗಳು ಲಕೋಟೆ ಒಡೆಯದೆಯೇ ವಾಪಸು ಬಂದವು.

ಆಮೇಲೆ ಅಥೆನ್ಸ್, ಲಿಸ್ಬನ್, ರಿಯೊ. ಪದಕಗಳು ಬಂದವು, ತಲೆ ನರೆಯಿತು. ಅಥೆನ್ಸಿನ ಸೆಕೆಯಲ್ಲಿ, ಡೆನ್ಮಾರ್ಕಿನಲ್ಲಿ ತಿನ್ನುತ್ತಿದ್ದ ಹೆರಿಂಗ್ ಮೀನು ಬೇಕೆನ್ನುವರು. ಹೇಗೋ ಹುಡುಕಿ ತಂದಿಟ್ಟರೆ ಒಂದು ತುಂಡು ತಿಂದು ತಟ್ಟೆ ಸರಿಸುವರು. ಪ್ರತಿ ಹೊಸವರ್ಷಕ್ಕೂ ಕೋಪನ್‌ಹೇಗನ್ ಕೊಡಿ ಎಂದು ಬರ್ಲಿನ್ನಿಗೆ ಅರ್ಜಿ ಬರೆದರು. ಹತ್ತೊಂಬತ್ತನೆಯದಕ್ಕೆ ಒಪ್ಪಿಗೆ ಸಿಕ್ಕಿತು, ರಾಯಭಾರಿಯಾಗಿಯೇ ಅಲ್ಲಿಗೆ ಮರಳಿದರು.

ಸಿಗ್ನೆ ಮದುವೆಯಾಗಿರಲಿಲ್ಲ. ಮಕ್ಕಳಿಗೆ ಪಿಯಾನೊ ಕಲಿಸುತ್ತಿದ್ದರು. ನಾವು ಅವರ ಮನೆಗೆ ಹೋದಾಗ ಬಾಗಿಲು ತೆರೆದವರು ನಮ್ಮ ಗಾಡಿಯ ಕಡೆಗೊಮ್ಮೆ, ಬ್ಯಾರನ್ನರ ಎದೆಯ ಪದಕಗಳ ಕಡೆಗೊಮ್ಮೆ ನೋಡಿದರು.

“ಬಂದಿರೋದು ಲೆವಿನ್ನಾ, ರಾಯಭಾರಿಗಳಾ?”

“ಇಬ್ರೂ.”

“ಲೆವಿನ್‌ಗೆ ಕಾಫಿ ಇದೆ. ರಾಯಭಾರಿಗಳು ಗಾಡೀಲೇ ಕೂತಿರ್ಲಿ.”

ಬ್ಯಾರನ್ನರು ಪದಕಗಳನ್ನು ಬಿಚ್ಚಿ ನನ್ನ ಕೈಗೆ ಹಾಕಿ ಒಳಗೆ ಹೋದರು. ಅಲ್ಲಿಂದಾಚೆ ಗುರುವಾರ ಗುರುವಾರ ಹೋಗತೊಡಗಿದರು. ಪರದೇಶದ ಹೆಣ್ಣನ್ನು ಮದುವೆಯಾಗಲು ಅಪ್ಪಣೆ ಬೇಕಿತ್ತು, ಕೇಳಿದರು. ಹುದ್ದೆಯೋ ಹೆಂಡತಿಯೋ ಒಂದನ್ನು ಆರಿಸಿಕೊಳ್ಳಿ ಎಂದು ಬರ್ಲಿನ್ ಬರೆಯಿತು. ಅವರು ಅಂದೇ ರಾಜೀನಾಮೆ ಬರೆದು ಸಿಗ್ನೆಗೆ ತೋರಿಸಿದರು.

ಆಕೆ ಬಹಳ ಹೊತ್ತು ಓದಿದರು.

“ನಮ್ಮಣ್ಣನ ಚಿತ್ರ ಇನ್ನೂ ಈ ಗೋಡೆ ಮೇಲಿದೆ, ಲೆವಿನ್. ಅವನ ಕಣ್ಣೆದುರು ನಿನ್ನ ಮನೆತನದ ಹೆಸರು ಇಟ್ಕೊಳ್ಳೋಕೆ ನನ್ನಿಂದಾಗಲ್ಲ. ಮದುವೆ ಬೇಡ. ಗುರುವಾರ ಬಾ.”

ಆದರೂ ಅವರು ರಾಜೀನಾಮೆ ಕಳಿಸಿಯೇಬಿಟ್ಟರು. ಆಕೆಯ ಮನೆಯ ಎದುರು ಎರಡು ಕೋಣೆ ಬಾಡಿಗೆಗೆ ಹಿಡಿದೆವು. ಗುರುವಾರ ಬಿಟ್ಟು ಉಳಿದ ದಿನಗಳಲ್ಲಿ ಬ್ಯಾರನ್ನರು ಕಿಟಕಿ ತೆರೆದಿಟ್ಟುಕೊಂಡು ಆಕೆಯ ಪಿಯಾನೊ ಪಾಠ ಕೇಳುತ್ತಾ ಕೂರುತ್ತಿದ್ದರು. ಹಿಮ ಬೀಳುವಾಗಲೂ ಅಷ್ಟೇ.

“ಶೀತ ಆಗತ್ತೆ ಧಣೀ, ಮುಚ್ಚಲಾ?” ಎಂದೆ ಒಮ್ಮೆ.

“ಇರು ಮಾರಾಯ. ಆ ಮಗು ತಪ್ಪು ನುಡಿಸ್ತು. ಈಗ ಅವಳೇ ನುಡಿಸಿ ತೋರಿಸ್ತಾಳೆ.”