ಕೂಸಿಗೆ ನೀರು ಹಾಕುವವರು

ಕೂಸಿನ ಬೆನ್ನಿಗೆ ಎರಡನೇ ಚೊಂಬು ನೀರು ಹಾಕುವಷ್ಟರಲ್ಲಿ ಮುನಿಲಕ್ಷ್ಮಮ್ಮನ ಎದೆ ಕಟ್ಟಿಕೊಂಡಿತು. ಚಾಚಿದ ಕಾಲುಗಳ ಮೇಲೆ ಬೋರಲು ಮಲಗಿದ್ದ ಮಗು ಕಿರುಚುತ್ತಿತ್ತು. ಬಚ್ಚಲೊಲೆಯ ಹೊಗೆ ಒಳಗೇ ಸುತ್ತುತ್ತಿತ್ತು. ಮೊಮ್ಮಗಳನ್ನು ನೋಡಲು ದಾಬಸ್‌ಪೇಟೆಯಿಂದ ಬಂದಿದ್ದ ಬೀಗಿತ್ತಿ ಅನುಸೂಯಮ್ಮ ಓಡಿಬಂದು ಮಗುವನ್ನು ಎತ್ತಿಕೊಂಡಳು.

ಮುನಿಲಕ್ಷ್ಮಮ್ಮ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಉಬ್ಬಸದ ನೀಲಿ ಪಂಪನ್ನು ಬಾಯಿಗಿಟ್ಟು ಎಳೆದಳು. ಉಸಿರೇನೋ ಹದಕ್ಕೆ ಬಂತು, ಅವಮಾನ ಮಾತ್ರ ಇಳಿಯಲಿಲ್ಲ. ಊರಿನ ಅರ್ಧ ಮಕ್ಕಳು ಅವಳ ಕಾಲ ಮೇಲೆ ಮಿಂದವರೇ. ಸ್ವಂತ ಮೊಮ್ಮಗಳ ಸರದಿ ಬಂದಾಗ ಹೀಗಾಗಬೇಕೆ?

"ಬೇಜಾರ್ ಮಾಡ್ಕೋಬೇಡಿ ಅಕ್ಕ. ಕೈ ಜಾರಿದ್ರೆ ಏನ್ ಗತಿ? ಅಮಾಸೆವರ್ಗೂ ಪಕ್ಕದ್ಮನೆಯೋರು ನೀರ್ ಹಾಕ್ಲಿ. ಅದು ಕಳೀತಿದ್ದಂಗೆ ಬಂದು ತಾಯಿ ಮಗೂನ ಕರ್ಕೊಂಡೋಗ್ತೀನಿ," ಎಂದಳು ಅನುಸೂಯಮ್ಮ.

ಮಾತಿನಲ್ಲಿ ಕೆಡುಕಿರಲಿಲ್ಲ, ಅದೇ ಕಷ್ಟ. ಜಗಳಕ್ಕೂ ಜಾಗವಿರಲಿಲ್ಲ. ಚೊಚ್ಚಲ ಬಾಣಂತನ ತವರಿನಲ್ಲಿ ಅರ್ಧಕ್ಕೇ ನಿಂತರೆ ಮಗಳು ಬಿಂದುಶ್ರೀ ಏನೂ ಅನ್ನುವವಳಲ್ಲ. ತಾಯಿಗೆ ಮಾತ್ರ ಅದು ಒಪ್ಪುವ ಮಾತಾಗಿರಲಿಲ್ಲ.

ಮರುದಿನ ಸರ್ಕಾರಿ ಆಸ್ಪತ್ರೆಗೆ ಹೋದಳು. ಎಷ್ಟೋ ವರ್ಷದಿಂದ ಅಲ್ಲಿನ ಕ್ರಮ ಒಂದೇ. ಮೂಗಿಗೆ ಮಾಸ್ಕ್ ಇಟ್ಟು ಗಾಳಿ ಕೊಡುವುದು, ಒಂದು ಸೂಜಿ ಚುಚ್ಚುವುದು, ಸರಿಹೋಯಿತಲ್ಲ ಎಂದು ಕಳಿಸುವುದು. ಡಾಕ್ಟರುಗಳು ಬದಲಾಗುತ್ತಿದ್ದರು, ಕ್ರಮ ಅಲ್ಲಾಡುತ್ತಿರಲಿಲ್ಲ. ಈ ಸಲ ಕೂತಿದ್ದವರು ಸಂಘಮಿತ್ರ ಎಂಬ ಹೊಸ ಡಾಕ್ಟರು. ಹಳೆಯ ಚೀಟಿ ನೋಡಿ ಕೇಳಿದರು:

"ಇದ್ರಲ್ಲಿ ಬ್ರೌನ್ ಪಂಪೂ ಬರ್ದಿದಾರಲ್ಲಮ್ಮ, ಅದನ್ನ ಹೆಂಗೆ ತಗೋತೀರಿ?"

"ಅದ ಮುಟ್ಟಿಲ್ಲ ತಾಯಿ. ಬೀರುನಲ್ಲಿ ರೇಷ್ಮೆ ಸೀರೆ ಮಧ್ಯ ಐತೆ."

"ಯಾಕೆ?"

"ಇದೇ ಮುಖ್ಯವಾದ್ದು ಅಂತ ಅವತ್ತಿನ ಡಾಕ್ಟ್ರು ಹೇಳಿದ್ರು. ಒಳ್ಳೇದನ್ನ ದಿನಾ ಮುಗಿಸ್ಬಿಟ್ರೆ, ಜೀವ ಹೋಗೋ ಟೇಮಿಗೆ ಏನಿರ್ತದೆ? ಅದ್ಕೇ ಎತ್ತಿಟ್ಟಿವ್ನಿ."

ಅವಳ ಮನೆಯಲ್ಲಿ ಒಳ್ಳೆಯದಕ್ಕೆಲ್ಲ ಅದೇ ಗತಿ. ಹೊಸ ಜಮಖಾನ ನೆಂಟರಿಗೆ, ತುಪ್ಪ ಹಬ್ಬಕ್ಕೆ. ಔಷಧಿಗೂ ಅದೇ ಮರ್ಯಾದೆ ಸಿಕ್ಕಿತ್ತು.

ಡಾಕ್ಟರು ನಗಲಿಲ್ಲ. "ತಪ್ಪು ನಿಮ್ದಲ್ಲ. ನಮ್ಮಲ್ಲಿ ಯಾರೂ ಬಿಡಿಸಿ ಹೇಳ್ಲಿಲ್ಲ, ಕೇಳ್ಲೂ ಇಲ್ಲ. ನೀಲಿ ಪಂಪು ಉಸಿರು ಕಟ್ಟಿದಾಗ. ಬ್ರೌನು ಉಸಿರು ಕಟ್ಟದಂಗೆ ನೋಡ್ಕೊಳ್ಳೋಕೆ. ಚೆನ್ನಾಗಿದ್ರೂ ದಿನಾ ಬೆಳಿಗ್ಗೆ ಸಂಜೆ ಎಳೀಬೇಕು, ಆಮೇಲೆ ಬಾಯಿ ಮುಕ್ಕಳಿಸ್ಬೇಕು. ಬೀರುನಲ್ಲಿರೋದ್ರ ಡೇಟ್ ಮುಗಿದಿರ್ತದೆ, ಬಿಸಾಕಿ."

ಹೊಸ ಪಂಪು ಕೊಟ್ಟು, ಎಳೆಯುವುದನ್ನು ಎದುರಿಗೇ ಮಾಡಿಸಿ ನೋಡಿದರು. "ಹೊಗೆ ಹತ್ರ ಹೋಗ್ಬೇಡಿ. ಮುಂದಿನ ವಾರ ಬನ್ನಿ. ಹುಷಾರಾಗಿದ್ರೂ ಬನ್ನಿ."

"ಹುಷಾರಾಗಿದ್ರೂ ಆಸ್ಪತ್ರೆಗೆ ಬರೋದಾ?" ಎಂದು ಮುನಿಲಕ್ಷ್ಮಮ್ಮ ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು: "ಮಗೀಗೆ ನೀರ್ ಹಾಕ್ಬೋದಾ?"

"ಔಷಧಿ ಹಿಡೀಲಿ, ನೋಡಣ."

ಮೊದಮೊದಲು ಏನೂ ಆದಂತೆಯೇ ಕಾಣಲಿಲ್ಲ. ಸುಮ್ಮನೆ ದಂಡ ಎಂದು ಗೊಣಗಿದಳು. ಬಿಂದುಶ್ರೀ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದುರು ನಿಂತು, ತಾಯಿ ಪಂಪು ಎಳೆಯುವವರೆಗೂ ಕದಲುತ್ತಿರಲಿಲ್ಲ. ಮುನಿಲಕ್ಷ್ಮಮ್ಮನ ಗಂಡ ಅಪ್ಪಯ್ಯಣ್ಣ ಬಚ್ಚಲೊಲೆಯನ್ನು ಕಿತ್ತು ಹಿತ್ತಲಿನಾಚೆ ಹೂಡಿ, ನೀರು ಕಾಯಿಸಿ ಹೊತ್ತು ತಂದಿಡತೊಡಗಿದ. ಒಂದು ಬೆಳಿಗ್ಗೆ ಎದ್ದಾಗ, ರಾತ್ರಿ ಉಸಿರು ಕಟ್ಟಿ ಒಮ್ಮೆಯೂ ಎದ್ದು ಕೂತಿಲ್ಲವೆಂಬುದು ಅವಳಿಗೆ ಹೊಳೆಯಿತು. ಅವಳಿಗೇ ನಂಬಿಕೆಯಾಗಲಿಲ್ಲ. ಮುಂದಿನ ಸಲ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದ ಡಾಕ್ಟರು "ಹಾಕಿ, ಹೊಗೆ ಬೇಡ ಅಷ್ಟೆ" ಎಂದರು.

ಅಮಾವಾಸ್ಯೆ ಕಳೆಯಿತು. ಅನುಸೂಯಮ್ಮ ಬ್ಯಾಗು ಹಿಡಿದು ಒಳಗೆ ಬಂದಾಗ ಬಚ್ಚಲಿನಲ್ಲಿ ಮಗು ಅರಚುತ್ತಿತ್ತು. "ಅಳು, ಅಳು ನನ್ನವ್ವ, ಊರಿಗೆಲ್ಲ ಕೇಳಂಗೆ ಅಳು. ನಿಮ್ಮವ್ವನೂ ಹಿಂಗೇ ಇದ್ಳು, ಇದೇ ಕಾಲ್ ಮೇಲೆ," ಎಂದು ಗದರುತ್ತಾ ಮುನಿಲಕ್ಷ್ಮಮ್ಮ ಬೆನ್ನಿಗೆ ನೀರು ಹುಯ್ಯುತ್ತಿದ್ದಳು. ಬಾಗಿಲಲ್ಲಿ ಬೀಗಿತ್ತಿಯನ್ನು ಕಂಡರೂ ಕೈ ನಿಲ್ಲಿಸಲಿಲ್ಲ. ಎದೆ ಡವಗುಟ್ಟುತ್ತಿತ್ತು, ಆದರೆ ಅದು ಉಸಿರು ಕಟ್ಟಿದ್ದರಿಂದಲ್ಲ.

ಅನುಸೂಯಮ್ಮ ಬ್ಯಾಗನ್ನು ಗೋಡೆಗೊರಗಿಸಿಟ್ಟು, ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬಕೆಟ್ಟಿನಿಂದ ಇನ್ನೊಂದು ಚೊಂಬು ತುಂಬಿ ಮುನಿಲಕ್ಷ್ಮಮ್ಮನ ಕೈಗಿತ್ತಳು.