ಪುಟ್ಟಿಗೊಂದು ಬಲ್ಬು

"ಇಳಸು ಆ ಪುಟ್ಟಿ! ಇಳಸ್ತೀಯೋ ಇಲ್ಲ ನಾನೇ ಒದೀಲೋ, ಕಳ್ ರಂಡಿ!"

ತಲೆಯ ಮೇಲಿನ ಬಿದಿರು ಪುಟ್ಟಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡು ನಿಂತೆ. ಜಗದೇವಪ್ಪಗೌಡ ಬಂಡಿಯಿಂದ ಧುಮುಕಿ ಬಂದವನೇ ಬಾರುಕೋಲಿನ ಹಿಡಿಕೆಯಿಂದ ಅದನ್ನು ತಳ್ಳಿದ. ಹಸಿ ಹೆಂಡಿಯೆಲ್ಲ ನನ್ನ ಮುಖ, ಎದೆ, ಸೀರೆಯ ಮೇಲೆ ಸುರಿಯಿತು.

"ಕಳವೇನ್ರಿ ಗೌಡ್ರ? ದಾರ್ಯಾಗ ಬಿದ್ದ ಹೆಂಡಿ ಆರಸ್ಕೊಂಡು ಹೊಂಟೀನಿ."

"ದಾರ್ಯಾಗ ಬಿದ್ರೇನು, ಹಳ್ಳದಾಗ ಬಿದ್ರೇನು? ನಮ್ಮ ಎಮ್ಮಿ ಮುಕಳ್ಯಾಗಿಂದ ಬಿದ್ದದ್ದು ನಮ್ದೇ! ಲಾಲಿ, ಇನ್ನೊಮ್ಮಿ ಮುಟ್ಟಿದಿ ಅಂದ್ರ ಕೈ ಮುರೀತೀನಿ."

ಬಂಡಿಯಲ್ಲಿ ಕೂತವರು ಕಿಸಕ್ಕನೆ ನಕ್ಕರು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಕಣ್ಣಿಗಿಂತ ಹೊಟ್ಟೆ ಹೆಚ್ಚು ಉರಿಯುತ್ತಿತ್ತು.

ದಾರಿಯಲ್ಲಿ ಬಿದ್ದ ಹೆಂಡಿ ಮೊದಲು ಕಂಡವಳದ್ದು. ನಮ್ಮ ಊರಿನಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕೈಯಲ್ಲಿ ಪುಟ್ಟಿ ಇಲ್ಲವೋ, ಒಂದು ಕಲ್ಲು ಎತ್ತಿ ಅದರ ಮೇಲಿಟ್ಟು ಹೋದರೆ ಸಾಕು. ಕಲ್ಲಿಟ್ಟ ಹೆಂಡಿಯನ್ನು ಎಂಥ ಜಗಳಗಂಟಿಯೂ ಮುಟ್ಟುವುದಿಲ್ಲ. ನಮ್ಮವ್ವ ಹಾಗೇ ತಂದು ಕುಳ್ಳು ತಟ್ಟಿದಳು, ನಾನೂ ತಟ್ಟಿದೆ. ಆಗೆಲ್ಲ ತನ್ನ ಎಮ್ಮೆ ಎಲ್ಲಿ ಹಾಕಿತು ಎಂಬ ಖಬರು ಯಾವ ಗೌಡನಿಗೂ ಇರಲಿಲ್ಲ. ಹೆಂಡಿಗೆ ಬೆಲೆ ಬಂದದ್ದೇ ತಡ, ಬಂತು ನೋಡಿ ಖಬರು!

ಬೆಲೆ ತಂದದ್ದು ಗ್ಯಾಸಿನ ಕರೆಂಟು. ಸರ್ಕಾರದ ಕಂಬಗಳು ಸುಲೇಪೇಟದ ರೋಡಿಗೇ ನಿಂತುಬಿಟ್ಟಿದ್ದವು, ನಮ್ಮ ಊರಿನ ಕಡೆ ತಿರುಗಲೇ ಇಲ್ಲ. ತೊಂಬತ್ತೈದರ ಸುಮಾರಿಗೆ ಜಿಲ್ಲೆಯಿಂದ ಸಾಹೇಬರು ಬಂದು ಊರ ಹೊರಗೆ ಬಾವಿಯಂಥ ಗುಂಡಿ ಕಟ್ಟಿಸಿ, ಅದರ ಮೇಲೆ ಕಬ್ಬಿಣದ ದೊಡ್ಡ ಡ್ರಮ್ಮನ್ನು ಬೋರಲು ಹಾಕಿಸಿದರು. ಹೆಂಡಿಯನ್ನು ನೀರಲ್ಲಿ ಕಲಸಿ ಗುಂಡಿಗೆ ಸುರಿದರೆ ಗ್ಯಾಸು ತುಂಬಿ ಡ್ರಮ್ಮು ಮೇಲೇಳುತ್ತದೆ. ಇಂಜಿನ್ ನೋಡಿಕೊಳ್ಳುವ ಫಕೀರಸಾಬ ಸಂಜೆ ಆ ಗ್ಯಾಸಿನಿಂದ ಅದನ್ನು ಶುರು ಮಾಡಿದರೆ ಊರಿಗೆ ಬೆಳಕು.

ಹಣಮಪ್ಪನ ಗುಡಿಕಟ್ಟೆಯ ಮೇಲೆ ಕಮಿಟಿ ಕೂತು ರೇಟು ಕಟ್ಟಿತು. ನಾವು ಕಟ್ಟೆಯ ಕೆಳಗೆ ನಿಂತು ಕೇಳಿದೆವು. ದಿನಾ ಒಂದು ಪುಟ್ಟಿ ಹೆಂಡಿ ಕೊಡುವ ಮನೆಗೆ ಒಂದು ಬಲ್ಬು, ಎರಡು ಪುಟ್ಟಿಗೆ ಎರಡು. ಹೆಂಡಿ ಇಲ್ಲದ ಮನೆಯವರು ತಿಂಗಳಿಗೆ ನಲವತ್ತು ರೂಪಾಯಿ ಕಟ್ಟಬೇಕು. ಹೆಣ್ಣಾಳಿನ ಕೂಲಿ ಆಗ ಹದಿನೈದು, ಅದೂ ಕೆಲಸ ಸಿಕ್ಕ ದಿನ. ಕಟ್ಟೆಯ ಮೇಲೆ ಚಪ್ಪಾಳೆ ಬಿತ್ತು. ಹೊಡೆದವರ ಕೊಟ್ಟಿಗೆ ತುಂಬ ದನ. ನಮ್ಮ ಕೇರಿಯಲ್ಲಿ ದನ ಎಲ್ಲಿಂದ ಬರಬೇಕು?

ಆದರೆ ಆ ಹೆಂಡಿಯನ್ನು ಗೌಡನ ಕೊಟ್ಟಿಗೆಯಿಂದ ಬಳಿಯುವವಳು ನಾನು. ಹೊತ್ತು ಗುಂಡಿಗೆ ಒಯ್ಯುವವಳು ನಾನು. ಮೊಣಕೈವರೆಗೆ ಕೈ ಹಾಕಿ ಕಲಸುವವಳೂ ನಾನೇ. ಕಮಿಟಿಯ ಕಾರ್ಯದರ್ಶಿ ವಿಠ್ಠಲರಾವ್ ಮಾಸ್ತರರು ಗುಂಡಿಯ ಹತ್ತಿರ ಕುರ್ಚಿ ಹಾಕಿಕೊಂಡು, ಮೂಗಿಗೆ ಟವೆಲು ಹಿಡಿದು, ನಾನು ಇಳಿಸಿದ ಒಂದೊಂದು ಪುಟ್ಟಿಗೂ "ಗೌಡರದು... ಇದೂ ಗೌಡರದು..." ಎನ್ನುತ್ತಿದ್ದರು. ಗೌಡನ ಪಡಸಾಲೆಗೆ ಬಲ್ಬು, ಅಡುಗೆಮನೆಗೆ ಬಲ್ಬು, ಬಚ್ಚಲಿಗೆ ಬಲ್ಬು, ಕೊನೆಗೆ ಎಮ್ಮೆಗಳಿಗೂ ಒಂದು ಬಲ್ಬು. ಗ್ಯಾಸು ಹೋದ ಮೇಲೆ ಉಳಿಯುವ ರಾಡಿ ಕೂಡ ಅವನ ಹೊಲಕ್ಕೇ ಗೊಬ್ಬರ. ನನಗೆ ನಿನ್ನೆಯ ರೊಟ್ಟಿ, ಮೇಲೊಂದಿಷ್ಟು ಪುಂಡಿಪಲ್ಯ.

ಇದನ್ನೂ ನುಂಗಿಕೊಂಡು ಇರುತ್ತಿದ್ದೆನೇನೋ. ಅಷ್ಟರಲ್ಲಿ ಮಗಳು ಲುಂಬಿನಿ ಚೊಚ್ಚಲ ಬಾಣಂತನಕ್ಕೆ ಬಂದಳು. ಅವಳ ಗಂಡ ವಾಡಿ ಕಡೆ ಫರಸಿ ಖಣಿಯಲ್ಲಿ ಕಲ್ಲು ಒಡೆಯುತ್ತಾನೆ. ನಮ್ಮ ಮನೆಯ ಗೋಡೆಯೂ ಫರಸಿ ಚೂರುಗಳನ್ನು ಒಂದರ ಮೇಲೊಂದು ಪೇರಿಸಿದ್ದೇ, ಗಾರೆಯಿಲ್ಲ, ಮಣ್ಣಿಲ್ಲ. ಸಂದಿಸಂದಿಗೂ ಚೇಳು. ಒಂದು ಸಂಜೆ ಲುಂಬಿನಿ ಕಿಟಾರನೆ ಚೀರಿದಳು. ಚಿಮಣಿ ಹಿಡಿದು ನೋಡಿದರೆ, ಕೂಸು ಮಲಗಿದ್ದ ಕೌದಿಯ ಮಡಿಕೆಯಲ್ಲಿ ಕರೀ ಚೇಳು ಕೊಂಡಿ ಎತ್ತಿ ಕೂತಿತ್ತು. ಕೂಸಿನ ಕಾಲಿಗೂ ಅದಕ್ಕೂ ಗೇಣು ದೂರ. ಚಪ್ಪಲಿಯಿಂದ ಜಜ್ಜಿದೆ. ಆಮೇಲೆ ಕೌದಿಯನ್ನು ಹೊರಗೊಯ್ದು ಕೊಡವಿದೆ.

"ಯವ್ವಾ, ನಾ ಇಲ್ಲಿ ಹ್ಯಾಂಗ ಮಲಗಲಿ?" ಲುಂಬಿನಿ ಅಳುತ್ತಿದ್ದಳು. "ಕೂಸಿನ ಮೈಮ್ಯಾಲ ಏನ್ ಹರದಾಡ್ತದೋ ಕಾಣಂಗಿಲ್ಲ. ಎಮ್ಮಿಗಿ ಬಲ್ಬ್ ಅದ, ನನ್ನ ಕೂಸಿಗಿ ಇಲ್ಲ."

ಮರುದಿನ ಗುಡಿಕಟ್ಟೆಗೆ ಹೋದೆ. ಮಾಸ್ತರರು ಕೂತಿದ್ದರು, ನಾನು ಕೆಳಗೆ ನಿಂತೆ.

"ಮಾಸ್ತರ್ರ, ನನ್ನ ಮನಿಗೊಂದು ಬಲ್ಬ್ ಹಾಕಸ್ರಿ. ಮಗಳು ಬಾಣಂತಿ ಅದಾಳ. ದಿನಾ ನಾ ಹೊತ್ತು ಹಾಕೋ ಪುಟ್ಟ್ಯಾಗ ಒಂದೇ ಒಂದು ನನ್ನ ಹೆಸರಿಗಿ ಹಿಡೀರಿ."

"ಅಲ್ಲೇ ನಿಂತು ಮಾತಾಡವಾ, ಪೂಜಿಗಿ ಹೊಂಟೀನಿ." ಮಾಸ್ತರರು ಧೋತರ ಸರಿಸಿಕೊಂಡರು. "ನೋಡು ಲಾಲಮ್ಮಾ, ನೀ ಹೊರೋದು ಕೂಲಿ. ಹೆಂಡಿ ದನದ ಮಾಲಕರದು. ರೇಟು ಎಲ್ಲರಿಗೂ ಒಂದೇ ಅದ. ಜಾತಿ ನೋಡಿ ಕಟ್ಟಿಲ್ಲ ನಾವು."

ಅವರ ತಲೆಯ ಮೇಲೆ ಗುಡಿಯ ಬಲ್ಬು ತೂಗುತ್ತಿತ್ತು.

"ಎಲ್ಲರಿಗೂ ಒಂದೇ ಅಂದ್ರ, ಈ ಬಲ್ಬಿಗಿ ಯಾರು ಹೆಂಡಿ ಕೊಡ್ತಾರ್ರಿ? ಹಣಮಪ್ಪಗ ದನ ಎಷ್ಟವ?"

"ದೇವರ ಹೆಸರು ಎತ್ತಬ್ಯಾಡ ನಿನ್ನ ಹೊಲಸು ಬಾಯಾಗ!" ಮಾಸ್ತರರು ಎದ್ದೇ ನಿಂತರು. "ರೊಕ್ಕ ಕಟ್ಟು. ಇಲ್ಲಾ ನಿನ್ನ ಸ್ವಂತ ಹೆಂಡಿ ದಿನಾ ಒಂದು ಪುಟ್ಟಿ ತಂದು ಹಾಕು, ನಾನೇ ವಾಯರ್ ಎಳಸ್ತೀನಿ. ಹೋಗು, ಹೋಗು."

ಸ್ವಂತ ಹೆಂಡಿ! ಆ ಒಂದು ಮಾತು ನಂಬಿಕೊಂಡೇ ನಾನು ಬೆಳಗಾಗುವ ಮುಂಚೆ ದಾರಿಗಿಳಿದದ್ದು. ದನ ಮೇಯುವ ಗುಡ್ಡದವರೆಗೆ ಕಲ್ಲಿಡುತ್ತ ಹೋದೆ, ತಿರುಗಿ ಬರುತ್ತ ಎತ್ತಿಕೊಂಡೆ. ಪುಟ್ಟಿ ತುಂಬಿತ್ತು. ಡ್ರಮ್ಮು ಕಾಣುವಷ್ಟು ಹತ್ತಿರಕ್ಕೆ ಬಂದಿದ್ದೆ. ಆಗ ಎದುರಿಗೆ ಗೌಡನ ಬಂಡಿ ಬಂತು. ಮುಂದಿನದನ್ನು ಆಗಲೇ ಹೇಳಿದೆ.

ಮುಖ ತೊಳೆಯಲಿಲ್ಲ. ಹಾಗೇ ಗೌಡನ ಕೊಟ್ಟಿಗೆಗೆ ಹೋದೆ. ನನ್ನ ಜೊತೆ ಅಲ್ಲಿ ಕಸ ಬಳಿಯುವ ತಾಜುನ್ನಿಸಾ ನನ್ನನ್ನು ನೋಡಿ ಬಾಯಿಗೆ ಕೈ ಹಿಡಿದಳು.

"ಯಾ ಅಲ್ಲಾ! ಏನಾಯ್ತು ಲಾಲಕ್ಕಾ, ಎಲ್ಲಿ ಬಿದ್ದಿ?"

ನಾನು ತಿರುಗಿ ಹೊರಗೆ ಹೋದೆ. ಅಂಗಳದಲ್ಲಿ ಕಲ್ಲು ಆರಿಸಿ ಉಡಿ ತುಂಬಿಕೊಂಡು ಒಳಗೆ ಬಂದೆ. ಎಮ್ಮೆಗಳ ಹಿಂದೆ ಬಿದ್ದಿದ್ದ ಒಂದೊಂದು ಗುಡ್ಡೆಯ ಮೇಲೂ ಒಂದೊಂದು ಕಲ್ಲು ಇಡತೊಡಗಿದೆ.

"ಹುಚ್ಚು ಹಿಡಿತೇನ ನಿನಗ? ಏನ್ ಮಾಡಾಕತ್ತಿ?"

"ಕಲ್ಲಿಡಾಕತ್ತೀನಿ. ಬಳಿಯೋರು ನಾವು, ಹೊರೋರು ನಾವು. ನಮ್ಮ ಮನಿಗೊಳಿಗಿ ಬೆಳಕು ಬರೋತನ ಈ ಹೆಂಡಿ ಇಲ್ಲೇ ಬಿದ್ದಿರಲಿ. ಆ ಸೂಳಿಮಗಗ ಬೇಕಿದ್ರ ತಾನೇ ತಲಿಮ್ಯಾಲ ಹೊತ್ಕೊಂಡು ಹೋಗ್ಲಿ!"

ತಾಜುನ್ನಿಸಾ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಕಸಬರಿಗೆಯನ್ನು ಮೂಲೆಗೆ ಎಸೆದು, "ಕೊಡು ಇತ್ಲಾಗ ನಾಕು ಕಲ್ಲು" ಎಂದಳು. ಸುದ್ದಿ ಕೇರಿಯ ಹೆಂಗಸರಿಗೆಲ್ಲ ಮುಟ್ಟಿ, ಮಧ್ಯಾಹ್ನದ ಹೊತ್ತಿಗೆ ಅವರು ಕಸ ಬಳಿಯುವ ದೊಡ್ಡ ಮನೆಗಳ ಕೊಟ್ಟಿಗೆಗಳಲ್ಲೆಲ್ಲ ಹೆಂಡಿಯ ಮೇಲೆ ಕಲ್ಲು ಕೂತಿತ್ತು.

ಸಣ್ಣ ರೈತರು ತಮ್ಮ ಒಂದೊಂದು ಪುಟ್ಟಿ ತಂದು ಸುರಿದರು. ಅಷ್ಟು ದೊಡ್ಡ ಗುಂಡಿಗೆ ಅದು ಯಾವ ಮೂಲೆಗೂ ಸಾಲಲಿಲ್ಲ. ಗೌಡನ ಮನೆಯಲ್ಲಿ ಹೆಂಡಿ ಹೊತ್ತು ಓಣಿಯಲ್ಲಿ ನಡೆಯುವವರು ಯಾರು? ಕೊಟ್ಟಿಗೆ ನಾರಿತು, ನೊಣ ಪಡಸಾಲೆಗೆ ಬಂತು. ದಿನ ಕಳೆದಂತೆ ಡ್ರಮ್ಮು ಕೆಳಗಿಳಿಯಿತು. ಕೊನೆಗೊಂದು ಸಂಜೆ ಫಕೀರಸಾಬ ಎಷ್ಟು ಹ್ಯಾಂಡಲ್ ತಿರುಗಿಸಿದರೂ ಇಂಜಿನ್ ಕೆಮ್ಮಿ ಕೆಮ್ಮಿ ನಿಂತಿತು. ಗೌಡನ ಮನೆ ಕತ್ತಲು, ಹಣಮಪ್ಪನ ಗುಡಿಯೂ ಕತ್ತಲು. ಖುಷಿಯಾಯಿತೇ ಎಂದರೆ ಆಯಿತು. ಆದರೆ ಗೌಡ ಕೇರಿಗೆ ಹೊಲದ ಕೂಲಿಯನ್ನೂ ಬಂದ್ ಮಾಡಿಸಿದ. ಒಲೆ ತಣ್ಣಗಾಯಿತು. ಬಾಣಂತಿಗೆ ಹಾಕಲು ಹಿಟ್ಟಿಲ್ಲ, ಚಿಮಣಿಗೆ ಎಣ್ಣೆ ತಳಕ್ಕೆ ಬಂದಿತ್ತು. ಲುಂಬಿನಿ ಕೂಸನ್ನು ಎದೆಯ ಮೇಲೆ ಹಾಕಿಕೊಂಡು ಕೂತೇ ರಾತ್ರಿ ಕಳೆಯುತ್ತಿದ್ದಳು.

ಒಂದು ದಿನ ಹೊತ್ತು ಮುಳುಗುವಾಗ ಗೌಡನ ಬಂಡಿ ನಮ್ಮ ಕೇರಿಗೆ ಬಂತು. ಅವನು ಕೇರಿಗೆ ಕಾಲಿಟ್ಟದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಏನಲೇ ಲಾಲಿ, ಭಾಳ ಧಿಮಾಕ ಬಂದದ ನಿನಗ." ಬಂಡಿ ಇಳಿದು ನನ್ನ ಅಂಗಳದಲ್ಲಿ ನಿಂತ. ಆಮೇಲೆ ದನಿ ತಗ್ಗಿಸಿದ. "ಹೋಗ್ಲಿ ಬಿಡು. ಕೂಸದ ಅಂತ ಕೇಳಿದೆ. ನಾಳಿಗಿ ನಿನ್ನ ಮನಿಗೊಂದು ವಾಯರ್ ಎಳಸ್ತೀನಿ. ಪುಕಟ. ಕಲ್ಲು ತಗದು ಹೆಂಡಿ ಎತ್ತು."

ಲುಂಬಿನಿ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಹೂಂ ಎಂದುಬಿಡಲು ನನಗೆ ಆಸೆಯಾಯಿತು. ಸುಳ್ಳು ಯಾಕೆ ಹೇಳಲಿ?

"ಮತ್ತ ತಾಜುನ್ನಿಸಾನ ಮನಿಗಿ? ಕೇರ್ಯಾಗ ಉಳಿದೋರಿಗಿ?"

"ಊರ ಉಸಾಬರಿ ನಿನಗ್ಯಾಕ ಬೇಕಲೇ? ನಿಂದಷ್ಟು ನೋಡ್ಕೋ!"

ಆಗಲೇ ಅವನ ಬಂಡಿಯ ಎತ್ತು ಬಾಲ ಎತ್ತಿತು. ನನ್ನ ಅಂಗಳದ ನಡುವೆ ಹೆಂಡಿ ಬಿತ್ತು, ಹಬೆಯಾಡುತ್ತಿತ್ತು. ನಾನು ಹಿಂದಕ್ಕೆ ತಿರುಗಿ ಮನೆಯ ಗೋಡೆಯಿಂದ ಒಂದು ಫರಸಿ ಚೂರು ಕಿತ್ತು ತಂದು ಅದರ ಮೇಲಿಟ್ಟೆ.

"ಇದು ನಂದ್ರಿ, ಗೌಡ್ರ."

ಅವನು ಕಲ್ಲನ್ನು ಒದ್ದ. ಮೆಟ್ಟಿಗೆಲ್ಲ ಹೆಂಡಿ ಮೆತ್ತಿತು. ನಾನು ಹೋಗಿ ಅದೇ ಕಲ್ಲನ್ನು ಎತ್ತಿ ತಂದು ಮತ್ತೆ ಅಲ್ಲೇ ಇಟ್ಟೆ. ಅವನು ಬಾರುಕೋಲು ಎತ್ತಿದ.

ಬಾಗಿಲು ಬಾಗಿಲಿನಿಂದ ಹೆಂಗಸರು ಹೊರಗೆ ಬಂದರು. ತಾಜುನ್ನಿಸಾ ಬಂದಳು. ಕೂಸನ್ನು ಕಂಕುಳಲ್ಲಿ ಒತ್ತಿಕೊಂಡು ಲುಂಬಿನಿಯೂ ಅಂಗಳಕ್ಕೆ ಇಳಿದಳು. ಎಲ್ಲರ ಕೈಯಲ್ಲೂ ಒಂದೊಂದು ಕಲ್ಲಿತ್ತು.

ಅಂಗಳದಲ್ಲಿ ಹೆಂಡಿ ಬಿದ್ದದ್ದು ಮಾತ್ರ ಒಂದೇ ಕಡೆ, ಅಲ್ಲಿ ಆಗಲೇ ನನ್ನ ಕಲ್ಲಿತ್ತು.